ಪೂರ್ವದ ಅರಸರೂ ಗುರುಗಳೂ: ಐತಿಹಾಸಿಕ ಸಾಕ್ಷ್ಯಗಳ ವಿಚಾರ

ಮಹಾಪುರುಷರ ಸ್ಮರಣೆಯು ಜನಾಂಗದ ಜೀವಾಳವಾಗಿರುತ್ತದೆ. ಅರಸರ ಹೆಸರುಗಳು ಕೋಟೆ ಕೆರೆ ದೇವಾಲಯಗಳ ಸಂಗಡ ಉಳಿಯುತ್ತವೆ; ಗುರುಗಳ ಹೆಸರುಗಳು ನಿತ್ಯದ ಪೂಜೆಯಲ್ಲಿಯೂ, ಪುರಾಣ ಪ್ರವಚನಗಳಲ್ಲಿಯೂ, ಜಾತ್ರೆಗಳಲ್ಲಿಯೂ ಉಳಿಯುತ್ತವೆ. ಆದರೆ ಕಾಲವು ಕಳೆದಂತೆಲ್ಲ ಆ ಹೆಸರುಗಳ ಸುತ್ತಲೂ ಕಥೆಗಳು ಬೆಳೆದು, ನಡೆದುದೆಷ್ಟು, ಬೆಳೆದುದೆಷ್ಟು ಎಂಬದನ್ನು ಬೇರ್ಪಡಿಸುವದು ಕಠಿಣವಾಗುತ್ತದೆ. ಆಗ ಎರಡು ಪಕ್ಷಗಳು ಹುಟ್ಟುವವು. ಕಥೆಯಲ್ಲಿರುವದೆಲ್ಲವೂ ಅಕ್ಷರಶಃ ನಡೆದುದೆಂದು ಸಾಧಿಸುವವರದು ಒಂದು ಪಕ್ಷ. ಕಥೆಯಲ್ಲಿ ಪವಾಡವೊಂದು ಕಂಡೊಡನೆ ಆ ಪುರುಷನೇ ಹುಟ್ಟಿರಲಿಲ್ಲವೆಂದು ತಳ್ಳಿಬಿಡುವವರದು ಇನ್ನೊಂದು ಪಕ್ಷ. ಈ ಎರಡು ಪಕ್ಷದವರೂ ಒಂದೇ ತಪ್ಪನ್ನು ಮಾಡುತ್ತಾರೆ. ಸಾಕ್ಷಿಯನ್ನು ತೂಗುವದಕ್ಕೆ ಮೊದಲೇ ತೀರ್ಪನ್ನು ಕೊಡುತ್ತಾರೆ.

ಊರ ಪಂಚರು ನ್ಯಾಯವನ್ನು ಬಗೆಹರಿಸುವಾಗ ಅನುಸರಿಸುವ ಕ್ರಮವೇ ಇತಿಹಾಸಕಾರನ ಕ್ರಮವೂ ಆಗಿದೆ. ಸಾಕ್ಷಿ ಹೇಳುವವನು ಕಣ್ಣಾರೆ ಕಂಡವನೋ, ಕೇಳಿ ಹೇಳುವವನೋ? ಅವನು ಹೇಳುವ ಕಾಲಕ್ಕೂ ಸಂಗತಿ ನಡೆದ ಕಾಲಕ್ಕೂ ಎಷ್ಟು ಅಂತರ? ಹಾಗೆ ಹೇಳುವದರಿಂದ ಅವನಿಗೆ ಲಾಭವುಂಟೋ? ಅವನ ಮಾತು ಅವನದೇ ಆದುದೋ, ಮತ್ತೊಬ್ಬನಿಂದ ಎರವಲಾಗಿ ತಂದುದೋ? ಒಬ್ಬನು ಹೇಳಿದುದನ್ನೇ ಹತ್ತು ಜನರು ಬಂದು ಹೇಳಿದರೆ ಅದು ಹತ್ತು ಸಾಕ್ಷಿಗಳಾಗುವದಿಲ್ಲ, ಒಂದೇ ಸಾಕ್ಷಿಯಾಗುತ್ತದೆ. ಒಬ್ಬರನ್ನೊಬ್ಬರು ಅರಿಯದ ಇಬ್ಬರು ಬೇರೆ ಬೇರೆ ದಿಕ್ಕಿನಿಂದ ಬಂದು ಒಂದೇ ಮಾತನ್ನು ಹೇಳಿದರೆ ಆ ಮಾತಿಗೆ ತೂಕವು ಬರುತ್ತದೆ. ಈ ಅಳತೆಗೋಲನ್ನು ಹಿಡಿದು ಭರತಖಂಡದ ಕೆಲವು ಪ್ರಸಿದ್ಧ ಪುರುಷರ ವಿಷಯವನ್ನು ವಿಚಾರಿಸುವದು ಇಲ್ಲಿಯ ಉದ್ದೇಶ.

ಮೊದಲು ಅಶೋಕ ಚಕ್ರವರ್ತಿಯ ಸಂಗತಿಯನ್ನು ನೋಡುವದು ಯೋಗ್ಯ. ಎರಡು ನೂರು ವರ್ಷಗಳ ಹಿಂದೆ ಈ ದೇಶದ ವಿದ್ವಾಂಸರಿಗೆ ಅಶೋಕನೆಂದರೆ ಪುರಾಣಗಳ ಮೌರ್ಯವಂಶಾವಳಿಯಲ್ಲಿ ಬರುವ ಒಂದು ಹೆಸರು ಮಾತ್ರ. ಬೌದ್ಧರ ಗ್ರಂಥಗಳಲ್ಲಿ ಅವನ ಕಥೆಗಳು ಹೇರಳವಾಗಿದ್ದವು. ಆದರೆ ಅವೆಲ್ಲ ಧರ್ಮಪ್ರಭಾವವನ್ನು ಕೊಂಡಾಡುವದಕ್ಕೆ ಬರೆದವು. ಇತ್ತ ದೆಹಲಿ, ಅಲಹಾಬಾದು, ಗಿರಿನಾರ ಮುಂತಾದ ಕಡೆಗಳಲ್ಲಿ ಕಂಬಗಳ ಮೇಲೆಯೂ ಬಂಡೆಗಳ ಮೇಲೆಯೂ ಓದಲು ಬಾರದ ಬರಹಗಳು ನಿಂತಿದ್ದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬವರು ಆ ಬ್ರಾಹ್ಮೀ ಲಿಪಿಯ ಗುಟ್ಟನ್ನು ಭೇದಿಸಿದರು. ಆದರೆ ಬರಹದಲ್ಲಿ ಕಂಡುಬಂದುದು ಅಶೋಕನ ಹೆಸರಲ್ಲ. ದೇವರಿಗೆ ಪ್ರಿಯನಾದ ಪ್ರಿಯದರ್ಶಿ ರಾಜನೆಂಬ ಬಿರುದು ಮಾತ್ರ. ಈತನು ಸಿಂಹಳದ ಅರಸನಾಗಿರಬೇಕೆಂದು ಪ್ರಿನ್ಸೆಪ್ಪರು ಮೊದಲು ಊಹಿಸಿದರು. ಅದೇ ವರ್ಷ ಸಿಂಹಳದಲ್ಲಿ ಪಾಲೀ ಗ್ರಂಥಗಳನ್ನು ಅಭ್ಯಾಸಮಾಡುತ್ತಿದ್ದ ಜಾರ್ಜ್ ಟರ್ನರರು, ಪ್ರಿಯದರ್ಶಿಯೆಂಬದು ಚಂದ್ರಗುಪ್ತನ ಮೊಮ್ಮಗನಾದ ಅಶೋಕನ ಹೆಸರೆಂದು ದೀಪವಂಸದ ಆಧಾರದಿಂದ ತೋರಿಸಿದರು. ಊಹೆಯು ಬಲವಾಗಿತ್ತು, ಆದರೂ ಗ್ರಂಥದ ಹೆಸರಿಗೂ ಕಲ್ಲಿನ ಬಿರುದಿಗೂ ಗಂಟು ಹಾಕುವ ಪ್ರತ್ಯಕ್ಷ ಸಾಕ್ಷಿಯೊಂದು ಬೇಕಾಗಿತ್ತು.

ಆ ಸಾಕ್ಷಿಯು ದೊರೆತುದು ಕನ್ನಡ ನಾಡಿನಲ್ಲಿಯೇ ಎಂಬದು ವಾಚಕರಿಗೆ ಅಭಿಮಾನದ ಸಂಗತಿ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ಅದಿರನ್ನು ಹುಡುಕುತ್ತಿದ್ದ ಎಂಜಿನಿಯರರೊಬ್ಬರಿಗೆ ಬೆಟ್ಟದ ಬಂಡೆಯ ಮೇಲೆ ಬರಹವೊಂದು ಕಂಡಿತು. ಅದರಲ್ಲಿ ದೇವರಿಗೆ ಪ್ರಿಯನೆಂಬ ಬಿರುದಿನ ಸಂಗಡಲೇ ಅಶೋಕನೆಂಬ ಹೆಸರೂ ಕಂಡಿತು. ಎಪ್ಪತ್ತೆಂಟು ವರ್ಷಗಳ ಹಿಂದಣ ಊಹೆಗೆ ಮುದ್ರೆಯು ಬಿದ್ದಿತು. ತರುವಾಯ ಮಧ್ಯಪ್ರದೇಶದ ಗುಜರಾದಲ್ಲಿಯೂ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಉದೇಗೊಳಗಳಲ್ಲಿಯೂ ಅದೇ ಹೆಸರು ಬಂಡೆಗಳ ಮೇಲೆ ದೊರೆಯಿತು. 1990ರ ದಶಕದಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿಯ ಕನಗನಹಳ್ಳಿಯ ಸ್ತೂಪವನ್ನು ಅಗೆದಾಗ, ಅಶೋಕರಾಯನೆಂದು ಹೆಸರು ಕೊರೆದ ಶಿಲ್ಪವೂ ಹೊರಬಂದಿತು.

ಅಶೋಕನ ಕಾಲವನ್ನು ನಿಶ್ಚಯಿಸಿದ ಸಾಕ್ಷಿಯಾದರೋ ದೂರದೇಶದ್ದು. ಅವನ ಹದಿಮೂರನೆಯ ಬಂಡೆಶಾಸನದಲ್ಲಿ ಅಂತಿಯೋಕ, ತುರಮಾಯ, ಅಂತೆಕಿನ, ಮಗ, ಅಲಿಕಸುಂದರ ಎಂಬ ಐವರು ಯವನ ಅರಸರ ಹೆಸರುಗಳಿವೆ. ಇವರು ಸಿರಿಯ, ಐಗುಪ್ತ, ಮಕೆದೋನಿಯ ಮೊದಲಾದ ದೇಶಗಳನ್ನು ಆಳಿದವರು. ಇವರ ಕಾಲವು ಯವನರ ಇತಿಹಾಸದಿಂದ ತಿಳಿದಿದೆ. ಐವರೂ ಏಕಕಾಲದಲ್ಲಿ ಬದುಕಿದ್ದುದು ಕ್ರಿ.ಪೂ. ಮೂರನೆಯ ಶತಮಾನದ ನಡುಭಾಗದಲ್ಲಿ. ಅಶೋಕನ ಕಾಲವೂ ಅದೇ ಎಂಬದರಲ್ಲಿ ಹೀಗೆ ಸಂದೇಹವು ಉಳಿಯಲಿಲ್ಲ. ಯವನ ಚರಿತ್ರಕಾರರಿಗೆ ಮಸ್ಕಿಯ ಬಂಡೆಯ ವಿಷಯವು ತಿಳಿದಿರಲಿಲ್ಲ. ಮಸ್ಕಿಯ ಬಂಡೆಯನ್ನು ಕೆತ್ತಿದವನಿಗೆ ಸಿಂಹಳದ ಗ್ರಂಥವು ತಿಳಿದಿರಲಿಲ್ಲ. ಒಬ್ಬರನ್ನೊಬ್ಬರು ಅರಿಯದ ಸಾಕ್ಷಿಗಳು ಒಂದೆಡೆಗೆ ಕೂಡುವದೆಂದರೆ ಇದೇ.

ಆದರೆ ಅರಸನು ಸಿದ್ಧನಾದ ಮಾತ್ರದಿಂದ ಅವನ ಕಥೆಗಳೆಲ್ಲ ಸಿದ್ಧವಾಗುವದಿಲ್ಲ. ಅಶೋಕನು ಪಟ್ಟಕ್ಕಾಗಿ ತೊಂಬತ್ತೊಂಬತ್ತು ಜನ ಸೋದರರನ್ನು ಕೊಲ್ಲಿಸಿದನೆಂದು ಸಿಂಹಳದ ಕಥೆಯು ಹೇಳುತ್ತದೆ. ಅವನದೇ ಐದನೆಯ ಬಂಡೆಶಾಸನವು, ಪಟ್ಟಾಭಿಷೇಕವಾಗಿ ಹದಿಮೂರು ವರ್ಷಗಳಾದ ಮೇಲೆ, ತನ್ನ ಸೋದರ ಸೋದರಿಯರ ಅಂತಃಪುರಗಳ ಯೋಗಕ್ಷೇಮಕ್ಕೆ ಅಧಿಕಾರಿಗಳನ್ನು ನಿಯಮಿಸಿದುದನ್ನು ಹೇಳುತ್ತದೆ. ಧರ್ಮಕ್ಕೆ ಬಂದ ಮೇಲಣ ಅಶೋಕನನ್ನು ಬೆಳಗಿಸಿ ತೋರಿಸುವದಕ್ಕೆ ಮೊದಲಿನ ಅಶೋಕನಿಗೆ ಕಪ್ಪು ಬಳಿದಂತೆ ತೋರುತ್ತದೆ. ಇತ್ತ ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನರು ಹತರಾದರು, ಒಂದೂವರೆ ಲಕ್ಷ ಜನರು ಸೆರೆಯಾಗಿ ಒಯ್ಯಲ್ಪಟ್ಟರು ಎಂಬ ಪಶ್ಚಾತ್ತಾಪದ ಮಾತು ಅವನ ಬಂಡೆಯ ಮೇಲೆಯೇ ಇದೆ. ತನಗೆ ಕೀರ್ತಿ ತಾರದ ಸಂಗತಿಯನ್ನು ಅರಸನು ತಾನಾಗಿ ಒಪ್ಪಿಕೊಂಡುದರಿಂದ ಆ ಸಾಕ್ಷಿಗೆ ಬೆಲೆಯು ಹೆಚ್ಚು. ಪುರುಷನ ಅಸ್ತಿತ್ವವು ಬೇರೆ, ಅವನ ಬಗೆಗೆ ಹೇಳುವ ಒಂದೊಂದು ಸಂಗತಿಯೂ ಬೇರೆ. ಇವನ್ನು ಬೇರೆ ಬೇರೆಯಾಗಿಯೇ ತೂಗಬೇಕು ಎಂಬದು ಇದರಿಂದ ದೊರೆಯುವ ಮೊದಲನೆಯ ಪಾಠ.

ಎರಡನೆಯ ಉದಾಹರಣೆಯು ಇದಕ್ಕೆ ವಿರುದ್ಧವಾದುದು. ಉಜ್ಜಯಿನಿಯ ವಿಕ್ರಮಾದಿತ್ಯನ ಹೆಸರನ್ನು ಕೇಳದವರು ಯಾರು? ಬೇತಾಳನ ಕಥೆಗಳು, ಮೂವತ್ತೆರಡು ಗೊಂಬೆಗಳ ಸಿಂಹಾಸನ, ನವರತ್ನಗಳ ಆಸ್ಥಾನ, ಕ್ರಿ.ಪೂ. 57ರಿಂದ ಎಣಿಸುವ ವಿಕ್ರಮಶಕ ಇವೆಲ್ಲ ಅವನವೇ ಎಂದು ಪ್ರಸಿದ್ಧಿ. ಆದರೆ ಆ ಶಕವನ್ನು ಬಳಸಿರುವ ಅತ್ಯಂತ ಹಳೆಯ ಶಾಸನಗಳಲ್ಲಿ ವಿಕ್ರಮನ ಹೆಸರೇ ಇಲ್ಲ. ಮೊದಮೊದಲು ಅದಕ್ಕೆ ಕೃತವೆಂದು ಹೆಸರು. ಬಳಿಕ ಮಾಲವಗಣದ ಶಕವೆಂದು ಹೆಸರು. ವಿಕ್ರಮನ ಹೆಸರು ಅದಕ್ಕೆ ಕೂಡಿಕೊಳ್ಳುವದು ಕ್ರಿ.ಶ. ಒಂಬತ್ತನೆಯ ಶತಮಾನದ ಹೊತ್ತಿಗೆ. ಅಂದರೆ ಶಕವು ಹುಟ್ಟಿದ ಸುಮಾರು ಒಂಬೈನೂರು ವರ್ಷಗಳ ಮೇಲೆ ಅದಕ್ಕೊಬ್ಬ ಒಡೆಯನು ಹುಟ್ಟಿದನು! ಈ ನಡುವೆ ಗುಪ್ತವಂಶದ ಎರಡನೆಯ ಚಂದ್ರಗುಪ್ತನು ವಿಕ್ರಮಾದಿತ್ಯನೆಂಬ ಬಿರುದನ್ನು ಧರಿಸಿದ್ದನು. ಅವನ ಕೀರ್ತಿಯೇ ಹಿಂದಿನ ಕಾಲಕ್ಕೆ ಒಯ್ಯಲ್ಪಟ್ಟಿರಬಹುದೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಇದರೊಡನೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನನ್ನು ಹೋಲಿಸಿ ನೋಡಬೇಕು. ಅವನೂ 1076ರಿಂದ ತನ್ನ ಹೆಸರಿನ ಶಕವೊಂದನ್ನು ನಡೆಯಿಸಿದನು. ಆದರೆ ಆ ಚಾಲುಕ್ಯ ವಿಕ್ರಮವರ್ಷವು ಅವನು ಬದುಕಿದ್ದಾಗಲೇ, ಅವನ ಸಾಮಂತರೂ ಸೆಟ್ಟಿಗಳೂ ಊರ ಮಹಾಜನರೂ ಹಾಕಿಸಿದ ಶಾಸನಗಳಲ್ಲಿ ಕನ್ನಡ ನಾಡಿನ ತುಂಬ ಕಾಣುತ್ತದೆ. ಒಂದೇ ಹೆಸರು, ಒಂದೇ ಬಗೆಯ ಕೀರ್ತಿ. ಒಂದಕ್ಕೆ ಸಮಕಾಲದ ಸಾಕ್ಷಿಯುಂಟು, ಮತ್ತೊಂದಕ್ಕೆ ಇಲ್ಲ. ಪ್ರಸಿದ್ಧಿಯೇ ಪ್ರಮಾಣವಲ್ಲವೆಂಬದು ಎರಡನೆಯ ಪಾಠ.

ಅರಸರ ಮಾತು ಹೀಗಾಯಿತು. ಧರ್ಮಗುರುಗಳ ವಿಷಯವು ಇದಕ್ಕಿಂತ ಸೂಕ್ಷ್ಮವಾದುದು. ಅರಸನು ನಾಣ್ಯವನ್ನು ಒತ್ತಿಸುತ್ತಾನೆ, ಶಾಸನವನ್ನು ಹಾಕಿಸುತ್ತಾನೆ, ಯುದ್ಧಮಾಡಿ ನೆರೆಯ ಅರಸನ ಬರಹದಲ್ಲಿಯೂ ಸೇರುತ್ತಾನೆ. ಗುರುವಾದರೋ ಊರಿಂದೂರಿಗೆ ನಡೆಯುತ್ತಾನೆ, ಬಾಯಿಮಾತಿನಲ್ಲಿ ಬೋಧಿಸುತ್ತಾನೆ, ಅವನ ನುಡಿಯು ಶಿಷ್ಯರ ನೆನಪಿನಲ್ಲಿ ನಿಲ್ಲುತ್ತದೆ. ಅರಸನನ್ನು ಅಳೆಯುವ ಕೋಲಿನಿಂದಲೇ ಗುರುವನ್ನು ಅಳೆದರೆ ಜಗತ್ತಿನ ಯಾವ ಗುರುವೂ ಉಳಿಯಲಾರನು.

ಗೌತಮ ಬುದ್ಧನಿಗೆ ಸಮಕಾಲೀನವಾದ ಒಂದು ಶಾಸನವೂ ಇಲ್ಲ. ಅವನ ನಿರ್ವಾಣದ ವರ್ಷವನ್ನು ಸಿಂಹಳದವರ ಪರಂಪರೆಯು ಕ್ರಿ.ಪೂ. 544ರ ಸುಮಾರಿಗೆ ಇಡುತ್ತದೆ. ಅನೇಕ ವಿದ್ವಾಂಸರು 480ರ ಹತ್ತಿರಕ್ಕೆ ತರುತ್ತಾರೆ. ಮತ್ತೆ ಕೆಲವರು 400ರ ಹತ್ತಿರಕ್ಕೆ ತರುತ್ತಾರೆ. ಕಾಲದಲ್ಲಿ ನೂರು ವರ್ಷಕ್ಕೂ ಮಿಕ್ಕ ವ್ಯತ್ಯಾಸವಿದ್ದರೂ ಬುದ್ಧನು ಇದ್ದನೆಂಬದನ್ನು ಪ್ರಾಯಶಃ ಎಲ್ಲ ಇತಿಹಾಸಕಾರರೂ ಒಪ್ಪುತ್ತಾರೆ. ಏಕೆಂದರೆ ಅಶೋಕನ ಕಾಲಕ್ಕಾಗಲೇ ಅವನ ಸಂಘವು, ಅವನ ಉಪದೇಶದ ಪಾಠಗಳು, ಅವನು ಹುಟ್ಟಿದ ಸ್ಥಳದ ನೆನಪು ಇವೆಲ್ಲ ನೆಲೆಗೊಂಡಿದ್ದವು. 1896ರಲ್ಲಿ ನೇಪಾಳದ ಲುಂಬಿನಿಯಲ್ಲಿ ದೊರೆತ ಕಂಬದ ಮೇಲೆ, ಪಟ್ಟಾಭಿಷಿಕ್ತನಾಗಿ ಇಪ್ಪತ್ತು ವರ್ಷಗಳಾದ ಅರಸನು ತಾನೇ ಬಂದು ಪೂಜಿಸಿದನೆಂದೂ, ಶಾಕ್ಯಮುನಿ ಬುದ್ಧನು ಇಲ್ಲಿ ಹುಟ್ಟಿದನೆಂದೂ, ಆದಕಾರಣ ಲುಂಬಿನಿ ಗ್ರಾಮದ ಕಂದಾಯವನ್ನು ಇಳಿಸಿ ಎಂಟನೆಯ ಒಂದು ಭಾಗಕ್ಕೆ ನಿಲ್ಲಿಸಿದನೆಂದೂ ಬರೆದಿದೆ. ಕಂದಾಯವನ್ನು ಇಳಿಸುವ ಆಜ್ಞೆಯು ಕವಿಯ ಕಲ್ಪನೆಯಲ್ಲ. ಬೊಕ್ಕಸಕ್ಕೆ ನಷ್ಟವನ್ನು ತಂದುಕೊಂಡು ಹೇಳಿದ ಸಾಕ್ಷಿಯದು.

ಇಷ್ಟಕ್ಕೇ ನಿಂತರೆ ವಿಚಾರವು ಪೂರ್ಣವಾಗುವದಿಲ್ಲ. ಲುಂಬಿನಿಗೆ ಅನತಿದೂರದ ನಿಗಾಲಿ ಸಾಗರದಲ್ಲಿ ಅಶೋಕನ ಇನ್ನೊಂದು ಕಂಬವಿದೆ. ಅದರಲ್ಲಿ ಕನಕಮುನಿ ಬುದ್ಧನ ಸ್ತೂಪವನ್ನು ಅರಸನು ಇಮ್ಮಡಿಯಾಗಿ ಬೆಳೆಸಿದನೆಂದು ಬರೆದಿದೆ. ಕನಕಮುನಿಯೆಂದರೆ ಗೌತಮನಿಗಿಂತ ಯುಗಗಳ ಹಿಂದೆ ಇದ್ದನೆಂದು ಬೌದ್ಧರು ನಂಬುವ ಪೂರ್ವಬುದ್ಧನು. ಅವನನ್ನು ಇತಿಹಾಸಪುರುಷನೆಂದು ಯಾವ ಸಂಶೋಧಕನೂ ಹೇಳಲಾರನು. ಅದೇ ಅರಸನು, ಅದೇ ಬಗೆಯ ಕಂಬವು, ಆದರೆ ಒಂದು ಸಾಕ್ಷಿಯು ನಿಲ್ಲುತ್ತದೆ, ಮತ್ತೊಂದು ನಿಲ್ಲುವದಿಲ್ಲ! ಹೀಗೇಕೆ? ಕಲ್ಲು ತಾನಾಗಿ ಸಾಕ್ಷಿ ನುಡಿಯುವದಿಲ್ಲ. ಕಲ್ಲನ್ನು ಹಾಕಿಸಿದವನ ಅರಿವನ್ನು ನುಡಿಯುತ್ತದೆ. ಗೌತಮನ ವಿಷಯದಲ್ಲಿ ಆ ಅರಿವು ಒಂದೆರಡು ಶತಮಾನಗಳೊಳಗಿನ ಸಂಘದ ಬದುಕಿನಿಂದ ಬಂದುದು. ಕನಕಮುನಿಯ ವಿಷಯದಲ್ಲಿ ನಂಬಿಗೆಯಿಂದ ಮಾತ್ರ ಬಂದುದು. ಶಿಲಾಶಾಸನವೆಂದೊಡನೆ ಕೈಮುಗಿದು ಒಪ್ಪುವವರು ಈ ಎರಡು ಕಂಬಗಳನ್ನು ನೆನೆಯುವದು ಒಳಿತು.

ಇನ್ನು ಭಕ್ತಜನರ ಮನಸ್ಸಿಗೆ ಹತ್ತಿರವಾದ ವಿಷಯವು. ಶ್ರೀ ಬಸವಣ್ಣನವರ ಬಗೆಗೆ ಇದೇ ಪ್ರಶ್ನೆಯು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಎದ್ದಿತು. ಕನ್ನಡ ಶಾಸನಗಳನ್ನು ಓದಿ ಪ್ರಕಟಿಸಿ ನಾಡಿಗೆ ಮಹೋಪಕಾರ ಮಾಡಿದ ಫ್ಲೀಟರೇ ಈ ಸಂದೇಹವನ್ನು ಎತ್ತಿದವರು. ಕಳಚುರಿ ಬಿಜ್ಜಳನ ಶಾಸನಗಳು ಅನೇಕವಿದ್ದರೂ ಪುರಾಣಗಳು ಹೇಳುವ ಮಂತ್ರಿ ಬಸವಣ್ಣನವರ ಹೆಸರು ಅವುಗಳಲ್ಲಿ ಕಾಣದು. ಅದೇ ಹೊತ್ತಿಗೆ ಅಬ್ಬಲೂರಿನ ಸೋಮೇಶ್ವರ ದೇವಾಲಯದ ಶಾಸನದಲ್ಲಿ ಏಕಾಂತದ ರಾಮಯ್ಯನವರ ಚರಿತ್ರೆಯು ವಿಸ್ತಾರವಾಗಿ ದೊರೆಯಿತು. ಆದುದರಿಂದ ಬಸವಣ್ಣನವರ ಪುರಾಣಗಳನ್ನು ಇತಿಹಾಸವೆಂದು ನಂಬಲಾಗದೆಂದೂ, ಶಿವಭಕ್ತಿಯ ಆ ಹೊಸ ಚಳವಳಕ್ಕೆ ರಾಮಯ್ಯನವರೇ ಮೂಲಪುರುಷರಾಗಿರಬೇಕೆಂದೂ ಅವರು ಊಹಿಸಿದರು.

ಅಬ್ಬಲೂರಿನ ಶಾಸನವು 1200ರ ಸುಮಾರಿನದು. ಜೈನರೊಡನೆ ವಾದಕ್ಕೆ ನಿಂತ ರಾಮಯ್ಯನವರು ತಮ್ಮ ತಲೆಯನ್ನು ಅರಿದು ಶಿವನಿಗೆ ಅರ್ಪಿಸಿ ಮರಳಿ ಪಡೆದರೆಂದೂ, ಬಿಜ್ಜಳನು ಅವರಿಗೆ ಜಯಪತ್ರವನ್ನು ಕೊಟ್ಟನೆಂದೂ, ಚಾಲುಕ್ಯ ನಾಲ್ಕನೆಯ ಸೋಮೇಶ್ವರನೂ ಹಾನಗಲ್ಲ ಕದಂಬರ ಕಾಮದೇವನೂ ಅವರನ್ನು ಮನ್ನಿಸಿದರೆಂದೂ ಅದರಲ್ಲಿ ಹೇಳಿದೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಪವಾಡವಿದೆಯೆಂದು ಪುರಾಣವನ್ನು ತಳ್ಳಿದವರು, ಪವಾಡವೇ ಮುಖ್ಯವಾದ ಈ ಕಲ್ಲಿನ ಬರಹವನ್ನು ಒಪ್ಪಿದರು. ಒಪ್ಪಿದುದು ತಪ್ಪಲ್ಲ, ರಾಮಯ್ಯನವರು ಇದ್ದರು, ಅರಸರಿಂದ ಭೂಮಿಯನ್ನು ಪಡೆದರು, ಅಬ್ಬಲೂರಿನಲ್ಲಿ ಗುಡಿಯನ್ನು ನಿಲ್ಲಿಸಿದರು ಎಂಬದು ಪವಾಡವನ್ನು ಬೇರೆಯಿಟ್ಟು ನೋಡಿದರೂ ನಿಲ್ಲುತ್ತದೆ. ಆದರೆ ಕಲ್ಲಿಗೆ ತೋರಿಸಿದ ಆ ವಿವೇಕವನ್ನು ಓಲೆಗರಿಗೂ ತೋರಿಸಬೇಕಾದುದು ನ್ಯಾಯ.

ಬಿಜ್ಜಳನ ಶಾಸನಗಳ ಮೌನಕ್ಕೆ ಎಷ್ಟು ಬೆಲೆ? ಮೌನವು ಸಾಕ್ಷಿಯಾಗಬೇಕಾದರೆ, ಅಲ್ಲಿ ಮಾತು ಇರಲೇಬೇಕಾಗಿತ್ತೆಂದು ಮೊದಲು ತೋರಿಸಬೇಕು. ಆ ಕಾಲದ ಶಾಸನಗಳು ಬಹುಮಟ್ಟಿಗೆ ದೇವಾಲಯ, ಅಗ್ರಹಾರ, ಕೆರೆಗಳಿಗೆ ಬಿಟ್ಟ ದಾನಗಳನ್ನೂ, ಕಾಳಗದಲ್ಲಿ ಮಡಿದ ವೀರರನ್ನೂ ಹೇಳತಕ್ಕವು. ಸ್ಥಾವರಕ್ಕಿಂತ ಜಂಗಮವೇ ಹೆಚ್ಚೆಂದು ಸಾರಿದವರ ಹೆಸರನ್ನು ದೇವಾಲಯದ ದಾನಶಾಸನದಲ್ಲಿ ಹುಡುಕುವದು ಸಹಜವಲ್ಲ. ಆದರೂ ಈ ಸಮಾಧಾನವು ಸಂದೇಹವನ್ನು ಸಡಿಲಿಸುವದೇ ಹೊರತು ಅಸ್ತಿತ್ವವನ್ನು ಸ್ಥಾಪಿಸುವದಿಲ್ಲ. ಸ್ಥಾಪಿಸುವದಕ್ಕೆ ಬೇರೆ ಸಾಕ್ಷಿಗಳು ಬೇಕು.

ಆ ಸಾಕ್ಷಿಗಳು ಮೂರು ಕಡೆಯಿಂದ ಬಂದವು. ಮೊದಲನೆಯದು ಸಾಹಿತ್ಯದ್ದು. ಹರಿಹರ ಕವಿಯು ಕನ್ನಡದಲ್ಲಿ ಬಸವರಾಜದೇವರ ರಗಳೆಯನ್ನು ಬರೆದನು. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬಸವಪುರಾಣವನ್ನು ಬರೆದನು. ಇವರಿಬ್ಬರೂ ಬಸವಣ್ಣನವರ ಕಾಲಕ್ಕೆ ತೀರ ದೂರದವರಲ್ಲ. ಬೇರೆ ನಾಡಿನಲ್ಲಿ, ಬೇರೆ ಭಾಷೆಯಲ್ಲಿ, ಬೇರೆ ರೀತಿಯಲ್ಲಿ ಕಥೆಯನ್ನು ಹೇಳಿದರೂ ಬಾಗೇವಾಡಿ, ಕೂಡಲಸಂಗಮ, ಬಿಜ್ಜಳನ ಓಲಗ ಎಂಬ ತಿರುಳಿನಲ್ಲಿ ಕೂಡುತ್ತಾರೆ.

ಎರಡನೆಯದು ಕಲ್ಲಿನದು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ಯಾದವ ಅರಸ ಕನ್ನರನ ಕಾಲದ, ಶಕವರ್ಷ 1182ರ, ಅಂದರೆ ಕ್ರಿ.ಶ. 1260ರ ಶಾಸನವು ದೊರೆತು, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಪ್ರಕಟವಾಯಿತು. ತರ್ದವಾಡಿ ನಾಡಿನ ಬಾಗೇವಾಡಿ, ತಂದೆ ಮಾದಿರಾಜ, ಮಗ ಸಂಗನ ಬಸವ, ಅಣ್ಣ ದೇವರಾಜ ಎಂದು ಅದರಲ್ಲಿ ಮನೆತನವನ್ನು ಹೇಳಿ, ಆ ಮನೆತನದಲ್ಲಿ ಹುಟ್ಟಿದ ಹಾಲಬಸವಿದೇವನಿಗೆ ದಾನವು ಸಂದುದನ್ನು ಬರೆದಿದೆ. ಊರು, ತಂದೆಯ ಹೆಸರು, ಆರಾಧ್ಯದೈವ ಈ ಮೂರೂ ಪುರಾಣಗಳೊಡನೆ ಒಪ್ಪುತ್ತವೆ. ಇದೂ ಸುಮಾರು ನೂರು ವರ್ಷಗಳ ತರುವಾಯದ್ದು, ಅದೂ ಮನೆತನದವರ ಮಾತು ಎಂಬ ಆಕ್ಷೇಪಣೆಯನ್ನು ಮರೆಮಾಚಬಾರದು. ಆದರೆ ನೂರು ವರ್ಷವೆಂದರೆ ಮುತ್ತಜ್ಜನ ಕಾಲ. ಭೂಮಿಯ ದಾನಪತ್ರದಲ್ಲಿ, ಅರಸನ ಅಧಿಕಾರಿಗಳ ಮುಂದೆ, ಎಂದೂ ಇಲ್ಲದ ಪೂರ್ವಜನನ್ನು ಸೃಷ್ಟಿಸಿ ಬರೆಯಿಸುವದು ಸುಲಭವಲ್ಲ. ಪಾಲೆಸ್ತೀನದಲ್ಲಿ ಯೆಹೂದ್ಯರ ದಾವೀದ ರಾಜನ ಬಗೆಗೂ ಇಂಥದೇ ಸಂದೇಹವಿತ್ತು. 1993ರಲ್ಲಿ ಟೆಲ್ ದಾನ್ ಎಂಬಲ್ಲಿ ಕ್ರಿ.ಪೂ. ಒಂಬತ್ತನೆಯ ಶತಮಾನದ ಒಡೆದ ಶಾಸನವೊಂದು ದೊರೆತು, ದಾವೀದನ ಮನೆತನವೆಂಬ ಮಾತು ಅದರಲ್ಲಿದೆಯೆಂದು ಹೆಚ್ಚಿನ ವಿದ್ವಾಂಸರು ಓದಿದ ಮೇಲೆ ಆ ಸಂದೇಹವು ಬಹಳಮಟ್ಟಿಗೆ ಅಡಗಿತು. ಅದೂ ದಾವೀದನಿಗೆ ನೂರು ವರ್ಷಕ್ಕಿಂತ ಈಚಿನದೇ. ಅಲ್ಲಿ ಹಗೆಯ ಬಾಯಲ್ಲಿ ಬಂದ ಮಾತು, ಇಲ್ಲಿ ಮನೆಯವರ ಬಾಯಲ್ಲಿ ಬಂದ ಮಾತು ಎಂಬ ಭೇದವುಂಟು. ಹಗೆಯ ಮಾತಿಗೆ ತೂಕ ಹೆಚ್ಚೆಂಬದು ನಿಜ; ಆದರೆ ಅರ್ಜುನವಾಡದ ಕಲ್ಲು ಒಂಟಿಯಾಗಿ ನಿಂತುದಲ್ಲ.

ಮೂರನೆಯ ಸಾಕ್ಷಿಯೇ ವಚನಗಳು. ವಿಜಯಪುರದ ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿಯೂ ಮಠಗಳಲ್ಲಿಯೂ ಧೂಳು ಹಿಡಿದಿದ್ದ ಓಲೆಯ ಕಟ್ಟುಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಹೊರಡಿಸಿದರು. ಕೈಬರಹಗಳು ಈಚಿನ ಶತಮಾನಗಳವು, ಪಾಠಭೇದಗಳುಂಟು, ಪ್ರಕ್ಷಿಪ್ತಗಳೂ ಸೇರಿವೆ. ಅದನ್ನು ಸಂಪಾದಕರೇ ಒಪ್ಪುತ್ತಾರೆ. ಆದರೂ ಒಬ್ಬರ ಅಂಕಿತ ಮತ್ತೊಬ್ಬರಿಗಿಲ್ಲದ ಅಷ್ಟೊಂದು ಜನ ಶರಣರು ತಮ್ಮ ತಮ್ಮ ವಚನಗಳಲ್ಲಿ ಬಸವಣ್ಣನವರನ್ನು ನೆನೆಯುತ್ತಾರೆ. ಮಡಿವಾಳನ ಮಾತಿನ ಜಾಡು ಬೇರೆ, ಅಂಬಿಗನ ಮಾತಿನ ಜಾಡು ಬೇರೆ, ಅಕ್ಕನ ಮಾತಿನ ಜಾಡು ಬೇರೆ. ಈ ಬೇರೆ ಬೇರೆ ದನಿಗಳ ನಡುವೆ ಒಂದೇ ವ್ಯಕ್ತಿಯ ನೆರಳು ಬಿದ್ದಿರುವದನ್ನು ಕಟ್ಟುಕಥೆಯೆನ್ನುವದು, ಆ ವ್ಯಕ್ತಿಯು ಇದ್ದನೆನ್ನುವದಕ್ಕಿಂತ ಕಷ್ಟ.

ಹೀಗೆ ಸಾಹಿತ್ಯ, ಶಾಸನ, ವಚನ ಮೂರೂ ಕೂಡಿದಾಗ ಬಸವಣ್ಣನವರ ಐತಿಹಾಸಿಕತೆಯು ಗಟ್ಟಿಯಾದ ನೆಲದ ಮೇಲೆ ನಿಲ್ಲುತ್ತದೆ. ಅವರ ಜನನದ ವರ್ಷ, ಲಿಂಗೈಕ್ಯದ ವರ್ಷ, ಬಿಜ್ಜಳನ ಕೊನೆಯ ದಿನಗಳ ಸಂಗತಿ ಇವುಗಳಲ್ಲಿ ವಿದ್ವಾಂಸರಿಗೆ ಏಕಮತವಿಲ್ಲ. ಬುದ್ಧನ ವಿಷಯದಲ್ಲಿ ಕಂಡಂತೆ, ವಿವರಗಳಲ್ಲಿ ಭೇದವಿದ್ದ ಮಾತ್ರದಿಂದ ಪುರುಷನು ಇಲ್ಲವಾಗುವದಿಲ್ಲ. ಪುರುಷನು ಸಿದ್ಧನಾದ ಮಾತ್ರದಿಂದ ವಿವರಗಳೆಲ್ಲ ಸಿದ್ಧವಾಗುವದೂ ಇಲ್ಲ.

ಸಂದೇಹವು ಭಕ್ತಿಗೆ ವೈರಿಯೆಂದು ಕೆಲವರು ಅಂಜುವದುಂಟು. ಫ್ಲೀಟರ ಸಂದೇಹದ ತರುವಾಯ ನಡೆದುದನ್ನು ನೋಡಿದರೆ ಆ ಅಂಜಿಕೆಗೆ ಕಾರಣವಿಲ್ಲ. ಸಂದೇಹಕ್ಕೆ ಉತ್ತರವಾಗಿ ನಿಂತುದು ಸಿಟ್ಟಿನ ಮಾತಲ್ಲ. ಕಲ್ಲನ್ನು ಓದಿದ ಶ್ರಮ, ಓಲೆಯನ್ನು ಕಾಯ್ದ ಶ್ರಮ. ತೂಗಿ ನೋಡಿದ ಚಿನ್ನಕ್ಕೆ ತಕ್ಕಡಿಯ ಭಯವಿಲ್ಲ. ತೂಗಬೇಡಿರೆಂದು ಹಟ ಹಿಡಿದಿದ್ದರೆ ವಿಕ್ರಮಾದಿತ್ಯನ ಕಥೆಗೂ ಶರಣರ ಚರಿತ್ರೆಗೂ ಭೇದವೇ ಉಳಿಯುತ್ತಿರಲಿಲ್ಲ.

ಈ ಕಾರ್ಯವು ಮುಗಿದಿಲ್ಲ. ಅನೇಕ ಹಳ್ಳಿಗಳಲ್ಲಿ ಬರಹವುಳ್ಳ ಕಲ್ಲುಗಳು ಬಾವಿಯ ಕಟ್ಟೆಗೆ, ಮನೆಯ ಮೆಟ್ಟಿಲಿಗೆ, ಬಟ್ಟೆ ಒಗೆಯುವ ಬಂಡೆಗೆ ಸೇರಿಹೋಗಿವೆ. ಅನೇಕ ಕಡೆ ಓಲೆಯ ಕಟ್ಟುಗಳು ಪೂಜೆಗೊಳ್ಳುತ್ತವೆಯೇ ಹೊರತು ಬಿಚ್ಚಲ್ಪಡುವದಿಲ್ಲ, ಗೆದ್ದಲಿಗೆ ಆಹಾರವಾಗುತ್ತವೆ. ಮಠಗಳ ಕಡತ, ಸನದು, ಬಿನ್ನವತ್ತಳೆಗಳೂ ಹಾಗೆಯೇ ಉಳಿದಿವೆ. ಮಹೋತ್ಸವದ ಹೊತ್ತಿನಲ್ಲಿ ಭಕ್ತರು ಗುರುವಿಗೆ ಕಾಣಿಕೆಯನ್ನು ಒಪ್ಪಿಸುವದು ವಾಡಿಕೆ. ತಮ್ಮ ಊರಿನ ಕಲ್ಲೊಂದನ್ನು ಕೆಸರಿನಿಂದ ಎತ್ತಿ ನೆರಳಿಗಿಟ್ಟವನೂ, ಹಿರಿಯರ ಓಲೆಯ ಕಟ್ಟನ್ನು ಬಲ್ಲವರ ಕೈಯಲ್ಲಿ ಓದಿಸಿ ಪ್ರತಿ ಮಾಡಿಸಿದವನೂ ಅದಕ್ಕೆ ಕಡಮೆಯಲ್ಲದ ಕಾಣಿಕೆಯನ್ನು ಒಪ್ಪಿಸಿದಂತೆಯೇ ಸರಿ.